‘ನೈಸ್’ ಎಂದು ಹೋದ ಸಾಹೇಬರಿಗೆ

ತೆರವು ಕಾರ್ಯಾಚರಣೆಯ ಮಾನ್ಯ ಅಧಿಕಾರಿಗಳೇ,

ಕಡ್ಡಿರಾಂಪುರದ ರಸ್ತೆ ಬದಿಯಲ್ಲಿದ್ದ ನನ್ನ ತಾಯಿ ದುರ್ಗಕ್ಕನ ಮಿರ್ಚಿ ಬಜ್ಜಿ ಅಂಗಡಿಯನ್ನು ತಾವು ಕೆಡವಿಸಿದಿರಿ. ಅದಕ್ಕೆ ತಮಗೆ ಕಾನೂನಿನ ಬಲವಿರಬಹುದು. ಆದರೆ ಕೆಡವುವ ಮೊದಲು ಅದೇ ಅಂಗಡಿಯ ಬೆಂಚಿನ ಮೇಲೆ ಕೂತು, ಮಿರ್ಚಿ ತಿಂದು, ‘ನೈಸ್, ವೆರಿ ನೈಸ್’ ಎಂದಿರಲ್ಲ, ಅದು ಯಾವ ಕಾನೂನು? ನನ್ನ ತಕರಾರು ಆ ಒಂದು ಪದದ ಮೇಲೆ.

ನಾನು ಹೊಸಪೇಟೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವವಳು. ತಾವು ಜೀಪು ಹತ್ತಿದ ಕೂಡಲೇ ಅವ್ವ ಫೋನ್ ಮಾಡಿದಳು. “ದೊಡ್ಡ ಸಾಹೇಬ್ರು ಬಂದಿದ್ರು ಅನು. ಅಂಗಡಿ ಇರ್ತೈತೇನ್ರಿ ಅಂತ ಕೇಳಿದೆ. ನಕ್ಕೊಂತ ನೈಸ್ ಅಂದ್ರು. ಹಂಗಂದ್ರ ಏನು?”

“ಚಲೋ ಐತಿ ಅಂತವ್ವ,” ಎಂದೆ. ನಿಘಂಟೂ ಅದನ್ನೇ ಹೇಳುತ್ತದೆ. ಅವ್ವ ಅದನ್ನು ‘ಹೌದು’ ಎಂದೇ ತಿಳಿದಳು. ಮರುದಿನ ಅಂಗಡಿಯ ತಗಡಿಗೆ ಹಸಿರು ಬಣ್ಣ ಬಳಿಸಿದಳು. ಪಕ್ಕದಲ್ಲಿ ಎಳನೀರು ಮಾರುವ ಹುಲುಗೇಶ್ ಸಾಮಾನು ಕಟ್ಟುವುದನ್ನು ಕಂಡು, “ಭಾಳ ಹೆದರ್ತೀ ನೀನು. ಸಾಹೇಬ್ರು ಮಾತು ಕೊಟ್ಟಾರ,” ಎಂದು ನಕ್ಕಳಂತೆ.

ವಾರದೊಳಗೆ ಜೆಸಿಬಿ ಬಂತು. ಹುಲುಗೇಶನ ಬಂಡಿ ಆಗಲೇ ಊರೊಳಗಿತ್ತು. ನನ್ನವ್ವ ಒಲೆ ಹೊತ್ತಿಸಿ ಹಿಟ್ಟು ಕಲಸುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಯಂತ್ರಕ್ಕೆ ಅಡ್ಡ ನಿಂತು, “ತಡೀರಿ, ಸಾಹೇಬ್ರು ನೈಸ್ ಅಂದಾರ್ರಿ!” ಎಂದಳು. ತಮ್ಮ ಸಿಬ್ಬಂದಿ ನಕ್ಕರು. ಒಬ್ಬ ಮಾತ್ರ ಮೆಲ್ಲಗೆ, “ಯಮ್ಮಾ, ಏನೇನು ಒಡೀಬೇಕು ಅಂತ ನೋಡಾಕನ ಸಾಹೇಬ್ರು ಅವತ್ತು ಬಂದಿದ್ರು. ಪಕ್ಕಕ್ಕ ಸರೀರಿ,” ಎಂದನಂತೆ. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಹಸಿರು ತಗಡು ಮಣ್ಣಿನಡಿ ಮುದುಡಿತ್ತು. ಮಿರ್ಚಿ ಕರಿಯುವ ಬಾಂಡ್ಲಿ ಚಪ್ಪಟೆಯಾಗಿತ್ತು. ಅವ್ವ ಅಳುತ್ತಲೂ ಇರಲಿಲ್ಲ. ನಾಚಿಕೊಂಡವಳ ಹಾಗೆ ತಲೆ ತಗ್ಗಿಸಿ ಕೂತಿದ್ದಳು.

ತಮ್ಮ ಪದದ ಕುಲಗೋತ್ರ ಹೇಳುತ್ತೇನೆ, ಕೇಳಿ. ಲ್ಯಾಟಿನ್ನಿನಲ್ಲಿ ಅದರ ಮೂಲಕ್ಕೆ ‘ಅರಿಯದವನು’ ಎಂದರ್ಥ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಅದು ‘ಪೆದ್ದ’. ಶತಮಾನಗಳು ಕಳೆದ ಮೇಲೆ ‘ನಾಜೂಕಿನವ’ನಾಗಿ, ಕೊನೆಗೆ ಹಿತವಾದದ್ದಕ್ಕೆಲ್ಲ ಅದೇ ಪದವಾಯಿತು. ನಮ್ಮ ಜನ ಅದನ್ನು ಹಿಟ್ಟಿನ ಗಿರಣಿಗೆ ಒಯ್ದರು. ಅಲ್ಲಿ ನೈಸ್ ಎಂದರೆ ನುಣುಪು. ‘ನೈಸಾಗಿ ಜಾರಿಕೊಂಡ’ ಎಂಬುದೂ ನಮ್ಮದೇ ಸೇರ್ಪಡೆ. ಇಷ್ಟು ಅರ್ಥಗಳಲ್ಲಿ ತಾವು ಬಳಸಿದ್ದು ಯಾವುದು?

ಅವ್ವ ಈಗ ಬಸ್ ನಿಲ್ದಾಣದ ಹತ್ತಿರ ಯಾರದೋ ಹೋಟೆಲಿನಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಾಳೆ. ನಾನು ತಮ್ಮನ್ನು ಬೈದರೆ ನನಗೇ ಗದರುತ್ತಾಳೆ: “ಬ್ಯಾಡ, ಸುಮ್ಕಿರು. ಪಾಪ, ಅವ್ರಿಗೆ ಗೊತ್ತಿರಲಿಕ್ಕಿಲ್ಲ.” ಅರಿಯದವರೆಂಬ ಆ ರಿಯಾಯಿತಿಯನ್ನು ಅವಳು ಕೊಟ್ಟಿದ್ದಾಳೆ. ನಾನು ಕೊಡಲಾರೆ.

ಅವಳಿಗೆ ವ್ಯಾಪಾರಕ್ಕೆ ಬದಲಿ ಜಾಗ ಕೊಡಿ. ಆಗದಿದ್ದರೆ ಅವಳೆದುರು ನಿಂತು ಕನ್ನಡದಲ್ಲಿ ‘ಇಲ್ಲ’ ಎನ್ನಿ. ಅಂದೇ ಹಾಗೆಂದಿದ್ದರೆ ಬಾಂಡ್ಲಿಯನ್ನಾದರೂ ಮನೆಗೆ ಒಯ್ಯುತ್ತಿದ್ದಳು.

ಇಂತಿ,
ಇಷ್ಟು ವರ್ಷ ಆ ಪದಕ್ಕೆ ‘ಒಳ್ಳೆಯದು’ ಎಂದೇ ಪಾಠ ಹೇಳಿದ
ಅನುಸೂಯಾ, ಕಡ್ಡಿರಾಂಪುರ