ಸೀರೆ ಡಬ್ಬದ ಮುಚ್ಚಳದ ಹಿಂದೆ

ವಾನ್
ಮಂಗಳವಾರ, ನವೆಂಬರ್ 18, 2025

ಮುದ್ದು ನಿಶಿತಾ,

ಗಂಟಲು ಸರಿಹೋಯಿತೆ? ಮಾಂಟ್ರಿಯಲ್ ಚಳಿಯಲ್ಲಿ ಬಾಯಿ ಬಿಟ್ಟುಕೊಂಡು ನಡೆಯಬೇಡ, ಶಾಲು ಸುತ್ತಿಕೊ. ನಾವು ಚೆನ್ನಾಗಿದ್ದೇವೆ. ಅಪ್ಪನ ಮಂಡಿನೋವು ಹಾಗೇ ಇದೆ. ನ್ಯೂಮಾರ್ಕೆಟ್ ಆಸ್ಪತ್ರೆಯಲ್ಲಿ ಡಿಸೆಂಬರಿಗೆ ತಾರೀಖು ಕೊಟ್ಟಿದ್ದಾರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ವಿಷಯ ಗಂಭೀರವಾದ ಕೂಡಲೇ ನೀನು ಇಂಗ್ಲಿಷಿಗೆ ಹೊರಳುತ್ತೀಯ, ನಾನು ಸುಮ್ಮನಾಗಿಬಿಡುತ್ತೇನೆ. ಅದಕ್ಕೇ ಈ ಕಾಗದ. ಅಷ್ಟು ವರ್ಷ ಶನಿವಾರದ ಕನ್ನಡ ಕ್ಲಾಸಿಗೆ ಕರೆದುಕೊಂಡು ಹೋಗಿದ್ದು ಸುಮ್ಮನೆ ಅಲ್ಲ, ನಿಧಾನವಾಗಿ ಓದು.

ಮೊನ್ನೆ ಭಾನುವಾರ ನಮ್ಮ ಹಿರಿಯರ ಕೂಟದಲ್ಲಿ ಅಪ್ಪನ ಸಿನಿಮಾ ಸರದಿ. ಅವರ ಆಯ್ಕೆ ನಿನಗೆ ಗೊತ್ತೇ ಇದೆ: ಹಳೆಯ ಹಾಲಿವುಡ್ಡಿನ ಕಪ್ಪು ಬಿಳುಪು ಚಿತ್ರ, ಹಾಡು, ನಗೆ, ಪ್ರೇಮ, ನಾಯಕಿ ಒಪೆರಾ ಗಾಯಕಿ. ನೀನು ಚಿಕ್ಕವಳಿದ್ದಾಗ ರೆಕ್ಸ್‌ಡೇಲಿನ ಅಪಾರ್ಟ್‌ಮೆಂಟಿನಲ್ಲಿ ನಾವು ಮೂವರೂ ಒಂದೇ ರಜಾಯಿಯೊಳಗೆ ಕೂತು ನೋಡುತ್ತಿದ್ದೆವಲ್ಲ, ಅಂಥದ್ದೇ. ನಾಯಕ ನಾಯಕಿ ಹತ್ತಿರ ಬಂದರು ಅಂದರೆ ಸಾಕು, ಅಪ್ಪ ನನ್ನ ರೇಷ್ಮೆ ಸೀರೆಯ ರಟ್ಟಿನ ಡಬ್ಬದ ಮುಚ್ಚಳ ತೆಗೆದು ಟಿವಿಗೆ ಅಡ್ಡ ಹಿಡಿಯುತ್ತಿದ್ದರು, ಇನ್ನೊಂದು ಕೈಯಲ್ಲಿ ಧ್ವನಿ ತಗ್ಗಿಸುತ್ತಿದ್ದರು. ಕೊನೆಯಲ್ಲಂತೂ ಐದು ನಿಮಿಷ ಬರೀ ಮುಚ್ಚಳ. ಅದನ್ನು ಸರಿಸುವ ಹೊತ್ತಿಗೆ ಪರದೆಯ ಮೇಲೆ ಮುಕ್ತಾಯದ ಅಕ್ಷರ ಬಂದಿರುತ್ತಿತ್ತು. ನೀನು ಟವೆಲ್ಲನ್ನು ಹೆಗಲಿಗೆ ಹೊದ್ದು ಸೋಫಾ ಹತ್ತಿ, ಮುಂದೆ ಆಕೆ ಏನು ಹಾಡಿರಬಹುದೋ ಅದನ್ನು ಹಾಡಿ ತೋರಿಸುತ್ತಿದ್ದೆ. ಆಕೆ ಅವನನ್ನೂ ಮದುವೆಯಾದಳು, ದೊಡ್ಡ ಥಿಯೇಟರಿನಲ್ಲಿ ಹಾಡುವುದನ್ನೂ ಬಿಡಲಿಲ್ಲ ಎಂದು ನಾವೆಲ್ಲರೂ ತಿಳಿದುಕೊಂಡಿದ್ದೆವು.

ಈ ಕಟ್ಟಡದ ಪಾರ್ಟಿ ರೂಮಿಗೆ ಈಗ ಗೋಡೆಯಗಲದ ಹೊಸ ಟಿವಿ ಬಂದಿದೆ. ಕೂತವರೆಲ್ಲ ಎಪ್ಪತ್ತು ದಾಟಿದವರು, ಆದರೂ ನಿಮ್ಮಪ್ಪ ಮುಚ್ಚಳವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದರು. ಸಮಯಕ್ಕೆ ಸರಿಯಾಗಿ ಎದ್ದು ಅಡ್ಡ ಹಿಡಿದರು. ಅದು ನಾಯಕಿಯ ಮೂಗನ್ನಷ್ಟೇ ಮುಚ್ಚಿತು. ರಿಮೋಟಿನಲ್ಲಿ ಧ್ವನಿ ತಗ್ಗಿಸುವ ಗುಂಡಿ ಅವರಿಗೆ ಸಿಗಲಿಲ್ಲ. ಹಾಗಾಗಿ ಜೀವನದಲ್ಲಿ ಮೊದಲ ಸಲ ನಾನು ಅಂಥ ಚಿತ್ರದ ಕೊನೆಯನ್ನು ನೋಡಿದೆ.

ಆ ಗಂಡಸು ಚಿತ್ರದುದ್ದಕ್ಕೂ ಸುಳ್ಳು ಹೇಳಿರುತ್ತಾನೆ. ಪತ್ರಿಕೆಗೆ ಗಾಳಿಸುದ್ದಿ ಬರೆಯುವವನು, ಪಿಯಾನೋ ರಿಪೇರಿಯವನೆಂದು ಹೇಳಿಕೊಂಡು ಅವಳ ಮನೆ ಹೊಕ್ಕಿರುತ್ತಾನೆ. ಅದು ಬಯಲಾದ ಮೇಲೆ, ಅವಳ ಮೊದಲ ದೊಡ್ಡ ಪ್ರದರ್ಶನದ ದಿನ ಥಿಯೇಟರಿನ ಬಾಗಿಲಲ್ಲಿ ನಿಂತು, ನೀನು ನನಗೊಬ್ಬನಿಗೇ ಮನೆಯಲ್ಲಿ ಹಾಡು ಎನ್ನುತ್ತಾನೆ. ಇವಳು ಒಪ್ಪಂದದ ಕಾಗದ ಹರಿದು, ವೇಷ ಕಳಚದೆ ಅವನ ಕಾರು ಹತ್ತುತ್ತಾಳೆ. ಒಳಗೆ ಜನ ಕಾಯುತ್ತಿರುತ್ತಾರೆ. ಇದು ತಮಾಷೆಯಂತೆ! ನನಗೆ ಹೇಸಿಗೆಯಾಯಿತು. ಕೈಯಲ್ಲಿದ್ದ ಕೋಡುಬಳೆಯನ್ನು ತಟ್ಟೆಗೆ ವಾಪಸು ಹಾಕಿದೆ.

ಅದಕ್ಕಿಂತ ಅಸಹ್ಯವೆಂದರೆ ಎಲ್ಲರೂ ಚಪ್ಪಾಳೆ ತಟ್ಟಿದ್ದು. ಕೆಳಗಿನ ಮಹಡಿಯ ಗೋಪಾಲರಾಯರು, "ಅಂತೂ ಹುಡುಗಿ ಸೆಟ್ಲ್ ಆದಳು ಬಿಡಿ," ಎಂದು ಕಣ್ಣೊರೆಸಿಕೊಂಡರು. ಉಡುಪಿಯ ಕೊರಪ್ಪೊಳು ಅಜ್ಜಿ ಒಬ್ಬರೇ ನನ್ನ ಮೊಣಕೈ ತಿವಿದು, "ಎಂಥ ಮಾರಾಯ್ತಿ, ಇಷ್ಟು ದೊಡ್ಡ ಸ್ವರ ಇಟ್ಕೊಂಡು ಇವಳು ಆ ಬೇವರ್ಸಿಗೆ ಕಾಫಿ ಕಾಸ್ಲಿಕ್ಕೆ ಹೋಗುವುದಾ?" ಎಂದರು.

ಪೇಪರು ಓದಿ ಬೆಳೆದವಳು ನಾನು, ಒಂದನ್ನು ನೋಡಿ ಎಲ್ಲವನ್ನೂ ಬೈಯುವುದಿಲ್ಲ. ನಿನ್ನೆ ಅಪ್ಪನ ಹಳೆಯ ಡಿಸ್ಕುಗಳಲ್ಲಿ ಇನ್ನೂ ಮೂರರ ಕೊನೆ ನೋಡಿದೆ. ಒಬ್ಬಳು ಹಾಡುವುದನ್ನು ಹಡಗಿನಲ್ಲಿ ಬಿಡುತ್ತಾಳೆ, ಒಬ್ಬಳು ರೈಲಿನಲ್ಲಿ. ಮೂರನೆಯವಳು ಅಡುಗೆಮನೆಯಲ್ಲಿ ಏಪ್ರನ್ ಕಟ್ಟಿಕೊಂಡು ಹಾಡುತ್ತಾಳೆ, ಅವನು ಪೇಪರಿನಿಂದ ತಲೆ ಎತ್ತುವುದಿಲ್ಲ. ಅಪ್ಪನನ್ನು ಕೇಳಿದ್ದಕ್ಕೆ, "ನನಗೇನು ಗೊತ್ತು ಮಾರಾಯ್ತಿ, ನಾನು ಮುಚ್ಚಳ ಹಿಡ್ಕೊಂಡು ನಿಮ್ಮ ಕಡೆ ತಿರುಗಿ ನಿಂತಿರ್ತಿದ್ದೆ," ಎಂದರು. ಅದು ನಿಜ. ಮುತ್ತನ್ನು ಮುಚ್ಚಲು ಹೋಗಿ ಮುಖ್ಯವಾದದ್ದನ್ನೇ ಮುಚ್ಚಿದ್ದರು, ತಮಗೂ ಸೇರಿಸಿ. ನಿನ್ನೆಯಿಂದ ಮುಖ ಸಣ್ಣದು ಮಾಡಿಕೊಂಡಿದ್ದಾರೆ.

ಈಗ ನಿನ್ನ ವಿಷಯ. ನಿನ್ನನ್ನು ಹಾಡಲು ಕರೆದಿರುವ ಜರ್ಮನಿಯ ಒಪೆರಾ ತಂಡಕ್ಕೆ ಈ ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು, ಬರುವುದಿಲ್ಲ ಎಂದು ಬರೆಯುತ್ತೇನೆ ಅಂತ ನೀನು ಫೋನಿನಲ್ಲಿ ಹೇಳಿದೆ. ಯಾಕೆ ಎಂದು ಕೇಳಿದ್ದಕ್ಕೆ, "ಡೋಂಟ್ ವರಿ ಅಮ್ಮಾ, ಮದುವೆ ಆಗ್ಲಿ, ಆಮೇಲೆ ಮತ್ತೆ ಟ್ರೈ ಮಾಡ್ತೀನಿ. ಅಪ್ಪನ ಸಿನಿಮಾ ಹೀರೋಯಿನ್ನುಗಳ ಥರ, ಐ ವಿಲ್ ಗೆಟ್ ಬೋತ್," ಎಂದು ನಕ್ಕೆ. ಆಗ ನಾನೂ ನಕ್ಕಿದ್ದೆ. ಕಳೆದ ತಿಂಗಳು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಬಂದಾಗ, ನೀನು ಮದುವೆಯಾಗಲಿರುವ ಜಿತೇಶ್ ಹೇಳಿದ್ದು ಈಗ ಕಿವಿಯಲ್ಲಿ ಕೊರೆಯುತ್ತಿದೆ: "ಆಂಟಿ, ಅವಳು ಮನೇಲೇ ಹಾಡಬಹುದಲ್ಲಾ, ಬೇಸ್‌ಮೆಂಟು ಸೌಂಡ್‌ಪ್ರೂಫ್ ಮಾಡಿಸಿ ಕೊಡ್ತೀನಿ." ಹುಡುಗ ಕೆಟ್ಟವನಲ್ಲ, ನನಗೆ ಎರಡನೇ ಸಲ ಅನ್ನ ಬಡಿಸಿದವನು. ಆದರೆ ನಿನ್ನ ಧ್ವನಿ ಹೊರಗೆ ಕೇಳಿಸದ ಹಾಗೆ ಗೋಡೆ ಕಟ್ಟಿಸುವುದು ಉಡುಗೊರೆ ಎಂದು ಅವನು ನಂಬಿದ್ದಾನಲ್ಲ, ಅದನ್ನು ನೆನೆದರೆ ಮೊನ್ನೆಯ ಹೇಸಿಗೆಯೇ ಮರಳಿ ಬರುತ್ತದೆ. ಆ ನಾಯಕಿಯರಿಗೆ ಎರಡೂ ಸಿಗಲಿಲ್ಲ ಮಗಳೇ. ನಾನು ಕಣ್ಣಾರೆ ನೋಡಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ನೀನೂ ನಿನ್ನ ಕೊರಳೂ ನೂರು ಕಾಲ ಗಟ್ಟಿಯಾಗಿರಿ.

ನಿನ್ನ ಅಮ್ಮ,
ರತ್ನಾ

ತಾ.ಕ.: ಅಂಚೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಜೊತೆಗೆ ಮೊನ್ನೆ ನೋಡಿದ ಆ ಚಿತ್ರದ ಡಿಸ್ಕ್ ಇಟ್ಟಿದ್ದೇನೆ. ಈ ವಾರದ ಕೊನೆಗೆ ಜಿತೇಶ್ ಅಲ್ಲಿಗೆ ಬಂದಾಗ ಕೊನೆಯ ಐದು ನಿಮಿಷ ಅವನಿಗೆ ತೋರಿಸು, ಏನೂ ಹೇಳಬೇಡ. ಅವನು ಚಪ್ಪಾಳೆ ತಟ್ಟಿದರೆ ಜರ್ಮನಿಯವರಿಗೆ ಬರುತ್ತೇನೆಂದು ಬರೆ. ತಟ್ಟದಿದ್ದರೂ ಹಾಗೇ ಬರೆ, ಅವನಿಗೂ ಒಂದು ಟಿಕೆಟ್ ತೆಗೆಸು.