ಅಮರಗೋಳದಲ್ಲಿ ನಿಂತ ಗಾಡಿ

೧ ಸೆಪ್ಟೆಂಬರ್ ೨೦೨೪, ರವಿವಾರ

ಹಳೆಯ ಆಯಿಲ್ ಇಳಿಸಿದೆ. ಕರ್ರಗೆ, ದಾರದ ಹಾಗೆ ಬೀಳುತ್ತಿತ್ತು. ಬೀಳುವುದು ನಿಂತ ಮೇಲೂ ಗಾಡಿಯ ಕೆಳಗೇ ಮಲಗಿದ್ದೆ. ತಂಪಿತ್ತು, ಅಷ್ಟೇ.

ಕೆಳಗಿನ ಬೋಲ್ಟಿಗೆ ಹೊಸ ವಾಷರ್. ಹೊಸ ಆಯಿಲ್ ಫಿಲ್ಟರ್. ವಿಡಿಯೋದಲ್ಲಿ ಸಣ್ಣ ಕೆಲಸ. ನನಗೆ ಇಡೀ ಮುಂಜಾನೆ ಹೋಯಿತು.

ಗಾಡಿ ನನ್ನ ಗಂಡ ವಿಶಾಲನದು. ಡೀಸೆಲ್ ಟೆಂಪೋದ ಸೀಟು ಕಿತ್ತು ಮಂಚ, ಒಲೆ, ಸಿಂಕು ಕೂಡಿಸಿದ ಕ್ಯಾರವಾನ್. ಕೊಲ್ಲಾಪುರದ ಯಾರಿಂದಲೋ ಸೆಕೆಂಡ್ ಹ್ಯಾಂಡ್ ತಂದಿದ್ದ. ಗ್ಯಾರೇಜಿಗೆ ಕೊಡುವುದಿಲ್ಲ, ಎಲ್ಲ ನಾನೇ ಬಿಚ್ಚಿ ನಾನೇ ಕೂಡಿಸುತ್ತೇನೆ ಅನ್ನುತ್ತಿದ್ದ. ಬಿಚ್ಚಿದ್ದಂತೂ ಹೌದು. ಫೆಬ್ರುವರಿಯಲ್ಲಿ ಬ್ಯಾಡ್ಮಿಂಟನ್ ಆಡುತ್ತ ಕೋರ್ಟಿನಲ್ಲೇ ಕುಸಿದ, ಮತ್ತೆ ಏಳಲಿಲ್ಲ. ನಲವತ್ತೊಂದು ವಯಸ್ಸು. ಆಮೇಲೆ ಸಪ್ತಾಪುರದ ಬಾಡಿಗೆ ಮನೆಯ ಮುಂದೆ ಗಾಡಿ ಹಾಗೇ ನಿಂತಿತ್ತು. ಹೊಸ ಕಾರಿಗೆ ಜಾಗ ಬೇಕು ಅಂದರು ಮನೆ ಮಾಲೀಕರು.

ಇಷ್ಟು ದೊಡ್ಡ ಗಾಡಿ ನಿಲ್ಲಿಸುವ ಜಾಗ ನನಗೆ ಗೊತ್ತಿದ್ದವರಲ್ಲಿ ಒಬ್ಬರಿಗೇ ಇತ್ತು — ವಿಶಾಲನ ಅಪ್ಪ, ಶಾಂತಯ್ಯನವರು. ಕಾಳುಕಡಿ, ಮೆಣಸಿನಕಾಯಿ ವ್ಯಾಪಾರ. ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಗೋದಾಮು. ಮದುವೆಗೆ ಬಂದಿರಲಿಲ್ಲ. ಮಾಳಮಡ್ಡಿಯ ಬ್ರಾಹ್ಮಣರ ಹುಡುಗಿ ಅಂತ ಆರು ವರ್ಷ ಹೊಸ್ತಿಲು ತುಳಿಯಗೊಡಲಿಲ್ಲ. ಮಣ್ಣು ಮಾಡುವ ದಿನವೂ ಹಿಂದೆಯೇ ನಿಂತಿದ್ದೆ. ಅಂಥವರಿಗೆ ಫೋನ್ ಮಾಡಿದೆ. “ತಂದು ನಿಂದರಸ್ರಿ” ಅಂದರು. ಫೋನ್ ಇಟ್ಟರು. ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ತಂದೆ.

ನಾನು ಗೇಟಿನೊಳಗೆ ಬಂದರೆ ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಹಿಡಿಯುತ್ತಾರೆ. ಇವತ್ತು ಮೊದಲ ಸಲ ಮಾತಾಡಿದರು.

“ಎಣ್ಣಿ ನೆಲಕ್ಕ ಬಿಡಬ್ಯಾಡ್ರಿ. ಚೀಲ ಹಾಸ್ರಿ.”

ಹಾಸಿದೆ.

೮ ಸೆಪ್ಟೆಂಬರ್

ಹೋಗಲಿಲ್ಲ. ಮಲಗಿದ್ದೆ. ಎದ್ದಾಗ ಸಂಜೆ. ಪಕ್ಕದ ಓಣಿಯಲ್ಲಿ ಗಣಪತಿ ಆರತಿ ನಡೆದಿತ್ತು.

೧೫ ಸೆಪ್ಟೆಂಬರ್, ರವಿವಾರ

ಡೀಸೆಲ್ ಫಿಲ್ಟರ್ ಬದಲಿಸಿದೆ. ಹಳೆಯದರ ತಳದಲ್ಲಿ ನೀರು, ನೀರಿನಲ್ಲಿ ಏನೋ ಲೋಳೆ. ಹೊಸದಕ್ಕೆ ಡೀಸೆಲ್ ತುಂಬಿ ಕೂಡಿಸಬೇಕಿತ್ತು. ಖಾಲಿಯೇ ಕೂಡಿಸಿಬಿಟ್ಟೆ. ಪೈಪಿನಲ್ಲಿ ಗಾಳಿ ಸೇರಿತು. ಸೆಲ್ಫ್ ಹೊಡೆದೆ, ಹೊಡೆದೆ... ಎಂಜಿನ್ ತಿರುಗುತ್ತದೆ, ಹತ್ತುವುದಿಲ್ಲ.

ಶಾಂತಯ್ಯನವರು ಪೇಪರ್ ಮಡಚಿದರು.

“ಗಾಳಿ ಹೊಕ್ಕೈತೇನ್ರಿ?”

“ಹೌದ್ರಿ. ಒಬ್ರು ಪಂಪ್ ಹೊಡೀಬೇಕು, ಒಬ್ರು ಸ್ಕ್ರೂ ಸಡ್ಲ ಮಾಡಿ ಹಿಡೀಬೇಕು.”

“ನಮ್ಮ ಟ್ರ್ಯಾಕ್ಟರಂದೂ ಹಿಂಗ ಇತ್ತು.”

ಧೋತರ ಮೇಲೆ ಕಟ್ಟಿ ಬಂದರು. ಫಿಲ್ಟರಿನ ತಲೆಯ ಮೇಲೆ ಬೆರಳಷ್ಟು ಪಂಪು. ಅವರ ಬಲಗೈ ಅಲ್ಲಿಯ ತನಕ ಏಳಲಿಲ್ಲ. ಎಡಗೈಯಿಂದ ಎತ್ತಿ ಇಟ್ಟುಕೊಂಡರು. ನಾನು ಫಿಸಿಯೋಥೆರಪಿಸ್ಟ್. ದಿನಾ ನೋಡುವುದು ಇದನ್ನೇ. ಭುಜ ಹಿಡಿದಿದೆ, ಬಹಳ ತಿಂಗಳಿಂದ.

“ಯಾವಾಗಿಂದ್ರಿ ಇದು?”

“ಫೆಬ್ರುವರಿ.”

ಅವರು ಪಂಪ್ ಹೊಡೆದರು, ನಾನು ಸ್ಕ್ರೂ ಹಿಡಿದೆ. ಮೊದಲು ನೊರೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಬಿಗಿ ಮಾಡಿ ಸೆಲ್ಫ್ ಹೊಡೆದೆ. ಹತ್ತಿತು. ಒಂದು ದೊಡ್ಡ ಮೋಡ ಕರಿ ಹೊಗೆ. ಹೊಗೆಯ ಗಾಳಿಗೆ ನೆಲದ ಮೇಲಿನ ಮೆಣಸಿನಕಾಯಿ ಧೂಳೆಲ್ಲ ಎದ್ದಿತು. ಇಬ್ಬರೂ ಸೀನಿದೆವು, ಬಹಳ ಹೊತ್ತು. ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿಯದ್ದೇ. ಬೇರೇನಾದರೂ ಇದೆಯಾ ಅಂತ ನೋಡಿಕೊಂಡೆ. ಇರಲಿಲ್ಲ.

೧೮ ಸೆಪ್ಟೆಂಬರ್

ಕ್ಲಿನಿಕ್. ಮೊಣಕಾಲು, ಮೊಣಕಾಲು, ಸೊಂಟ. ಆಶಿಷ್ ಫೋನ್ — ನನ್ನ ಅಣ್ಣ. “ಎಷ್ಟ್ ದಿವಸ ಅದನ್ನ ಹಿಡಕೊಂಡ ಕೂಡತೀ? ಚಾಲೂ ಆಗೇದಲ್ಲ, ಮಾರಿಬಿಡು. ನಾ ಗಿರಾಕಿ ನೋಡ್ತೀನಿ.” ನೋಡು ಅಂದೆ. ಬೇಡ ಅನ್ನಲೂ ಏನೋ ಒಂದು ಬೇಕಲ್ಲ. ಅದು ಇರಲಿಲ್ಲ.

೨೨ ಸೆಪ್ಟೆಂಬರ್, ರವಿವಾರ

ಹಿಂದಿನ ಲೈಟ್ ಹತ್ತುತ್ತಿಲ್ಲ. ಇಲಿ ವೈರ್ ಕಡಿದಿದೆ. ಕಾಳಿನ ಗೋದಾಮಿನಲ್ಲಿ ಇಷ್ಟೆಲ್ಲ ತಿನ್ನಲು ಇದ್ದೂ ವೈರೇ ಬೇಕು ಅದಕ್ಕೆ. ಬಣ್ಣ ನೋಡಿ ಜೋಡಿಸಿ ಟೇಪ್ ಸುತ್ತಿದೆ. ಶಾಂತಯ್ಯನವರು ಟಾರ್ಚ್ ಹಿಡಿದಿದ್ದರು. ಆಮೇಲೆ ಅವರನ್ನು ಗೋಡೆಯ ಹತ್ತಿರ ನಿಲ್ಲಿಸಿ ಬೆರಳಿನಿಂದ ಗೋಡೆ ಹತ್ತುವುದು ತೋರಿಸಿದೆ. ಮೊಣಕೈ ಹಿಡಿದು ನಿಧಾನ ಮೇಲೆ ಎತ್ತಿದೆ. ಅವರನ್ನು ಮುಟ್ಟಿದ್ದು ಅದೇ ಮೊದಲು. ಹಲ್ಲು ಕಚ್ಚಿದರು, ಕೂಗಲಿಲ್ಲ.

“ಮುಂದಿನ ವಾರ ಏನ ಕೆಲಸ ಐತ್ರಿ?”

“ಏನಿಲ್ರಿ. ಮುಗದಂಗ.”

ಗೋಡೆ ನೋಡುತ್ತ ನಿಂತರು. ಬೆರಳು ಅಲ್ಲೇ ಇತ್ತು.

“ಬ್ರೇಕ್ ನೋಡೂದಿಲ್ಲೇನು?”

“...ನೋಡಬೇಕ್ರಿ.”

೬ ಅಕ್ಟೋಬರ್, ರವಿವಾರ

ಬ್ರೇಕ್. ಹಿಂದಿನ ಡ್ರಮ್ ತುಕ್ಕು ಹಿಡಿದು ಕೂತಿತ್ತು. ಸುತ್ತ ಸುತ್ತಿಗೆಯಿಂದ ಬಡಿದು ಬಡಿದು ಬಿಡಿಸಿದೆ. ಒಳಗೆ ಕಪ್ಪು ಪುಡಿ. ಬ್ರೇಕ್ ಶೂ ಸವೆದಿವೆ, ನಡೆಯುತ್ತವೆ. ಒರೆಸಿ ಕೂಡಿಸಿದೆ. ಅಂಗಳದಲ್ಲಿ ಅತ್ತಿಂದಿತ್ತ ಓಡಿಸಿದೆ. ನಿಂತಿತು. ಹಮಾಲರು ಚಪ್ಪಾಳೆ ತಟ್ಟಿದರು.

ಚಹಾ ಕುಡಿಯುವಾಗ ಶಾಂತಯ್ಯನವರೇ ಅಂದರು: “ಗಾಡಿ ಇಲ್ಲಿರೂದು ಮನ್ಯಾಗ ಹೇಳಿಲ್ಲ.” ಮನೆಯಲ್ಲಿ ಅಂದರೆ ದಾನವ್ವನವರು, ವಿಶಾಲನ ಅವ್ವ. ಮಣ್ಣಿನ ದಿನದಿಂದ ಹೊರಗೆ ಕಾಲಿಟ್ಟಿಲ್ಲವಂತೆ. ಮಂದಿ ಬಂದರೂ ಮಾತಿಲ್ಲವಂತೆ. ನಾನು ಇಲ್ಲಿಗೆ ಬರುವುದು ತಿಳಿದರೆ ಏನು ಅನ್ನುತ್ತಾರೋ ಶಾಂತಯ್ಯನವರಿಗೂ ಗೊತ್ತಿಲ್ಲ.

“ಬರೂದು ಬಿಡ್ಲೇನ್ರಿ?”

“ನಾ ಹಂಗಂದೆನೇನು?”

೧೩ ಅಕ್ಟೋಬರ್, ರವಿವಾರ

ಆಶಿಷ್ ಹುಡುಕಿದ ಗಿರಾಕಿ ಬಂದಿದ್ದರು. ಬೆಳಗಾವಿಯ ಇಸ್ತಿಯಾಕ. ದಾಂಡೇಲಿ, ಗೋವಾ ಟೂರ್ ಮಾಡಿಸುತ್ತಾರಂತೆ. ಒಳ್ಳೆಯ ಮನುಷ್ಯ. ಚಪ್ಪಲಿ ಬಿಟ್ಟು ಗಾಡಿ ಹತ್ತಿದರು. ನಾನು ಹೇಳುವ ಮೊದಲೇ ಶಾಂತಯ್ಯನವರು ಎದ್ದು ಬಂದು ತೋರಿಸತೊಡಗಿದರು.

“ಎಂಜಿನ್ ಹೆಂಗೈತ್ರೀ ಕಾಕಾ?”

“ಹೊಗಿ ಒಗೀತೈತಿ.”

“ಹಳೇ ಡೀಸೆಲ್, ಅಷ್ಟ ಇರತೈತಿ ಬಿಡ್ರಿ.”

“ಮ್ಯಾಲ ಸೋರತೈತಿ. ಇಲಿ ಹೊಕ್ಕಾವು. ವೈರ್ ಎಲ್ಲಾ ಗಂಟು.”

“ಬ್ರೇಕ್?”

ನನ್ನ ಕಡೆ ನೋಡಿದರು. “ಬ್ರೇಕ್... ಹೇಳಾಕ ಬರೂದಿಲ್ಲ.”

ಇಸ್ತಿಯಾಕ ನಕ್ಕರು. “ಕೊಡೂ ಮನಸಿಲ್ಲಂದ್ರ ಹಂಗ ಹೇಳ್ರಲಾ ಕಾಕಾ. ಯಾಕ ಗಾಡಿ ಹೆಸರ ಕೆಡಸ್ತೀರಿ?” ಚಹಾ ಕುಡಿದು ಹೋದರು.

ಗೇಟಿನ ತನಕ ಹೋಗಿ ಬಂದೆ. ಕುರ್ಚಿಯಲ್ಲಿ ಕೂತಿದ್ದರು. ಪೇಪರ್ ಇರಲಿಲ್ಲ.

“ಯಾಕ್ರೀ ಮಾವಾರ?” ಅಂದೆ. ಹಾಗೆ ಕರೆದೆ ಅಂತ ಅಂದ ಮೇಲೆ ಗೊತ್ತಾಯಿತು.

“ಮಾರಿದ್ರ ನೀ ಯಾಕ ಬರ್ತಿ ಇಲ್ಲಿಗೆ?”

ನೀ ಅಂದರು. ಏನಾದರೂ ಅನಿಸಬೇಕಿತ್ತು. ಬೋಲ್ಟ್ ಬಿಚ್ಚುವ ಪಾನಾ ಒರೆಸಿ ಡಬ್ಬಿಗೆ ಹಾಕಿದೆ. ಮುಂದಿನ ರವಿವಾರ ಬರುತ್ತೇನೆ ಅಂದೆ.

೧೫ ಅಕ್ಟೋಬರ್

ಆಶಿಷ್‌ಗೆ ಸಿಟ್ಟು. ಅವರ ಮನೆಗೇ ಫೋನ್ ಹಚ್ಚಿದ್ದಾನೆ — ನಮ್ಮ ತಂಗಿಯ ಗಾಡಿ ಗೋದಾಮಿನಲ್ಲಿ ಇಟ್ಟುಕೊಂಡು ಮಾರಗೊಡುವುದಿಲ್ಲ ಅಂದರೆ ಏನರ್ಥ ಅಂತ. ಫೋನ್ ಎತ್ತಿದ್ದು ದಾನವ್ವನವರು. ಪೂರ್ತಿ ಕೇಳಿ, ಒಂದೂ ಮಾತಾಡದೆ ಇಟ್ಟರಂತೆ.

ನನಗೆ ಹೆದರಿಕೆಯೂ ಬರಲಿಲ್ಲ. ಅನ್ನ ಮಾಡಿಕೊಂಡೆ. ಅರ್ಧ ಉಳಿಯಿತು.

೨೦ ಅಕ್ಟೋಬರ್, ರವಿವಾರ

ಬಂದರು.

ರಿಟರ್ನ್ ಪೈಪ್ ನೋಡುತ್ತಿದ್ದೆ — ಇಂಜೆಕ್ಟರಿನಿಂದ ಉಳಿದ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುವ ರಬ್ಬರ್ ಪೈಪು. ಬಿರುಕು ಬಿಟ್ಟಿದೆ. ಗಾಳಿ ಸೇರುವುದು ಅಲ್ಲಿಂದಲೇ. ಗೇಟಿನಲ್ಲಿ ಆಟೋ ನಿಂತಿತು. ದಾನವ್ವನವರು ಇಳಿದರು. ಬಹಳ ಸಣ್ಣಗಾಗಿದ್ದಾರೆ. ಮಾವ ಕುರ್ಚಿಯಿಂದ ಎದ್ದರು, ಎದ್ದವರು ಹಾಗೇ ನಿಂತರು.

ದಾನವ್ವನವರು ನನ್ನನ್ನು ನೋಡಲಿಲ್ಲ. ನೇರ ಗಾಡಿ ಹತ್ತಿದರು. ಕಪಾಟು ಒಂದೊಂದೇ ತೆಗೆದು ಮುಚ್ಚುವ ಸಪ್ಪಳ. ನಲ್ಲಿ ತಿರುವಿದರು, ನೀರಿಲ್ಲ. ಮಂಚದ ಮೇಲೆ ಅಂಗೈ ಊರಿ ನೋಡಿದರು. ಆಮೇಲೆ ಕೂತರು. ನಾನು ಬಾಗಿಲಲ್ಲಿ. ಕೈತುಂಬ ಗ್ರೀಸು.

“ಎಲ್ಲೆಲ್ಲಿ ಹೋಗಿದ್ರಿ ಇದರಾಗ?”

“ಎರಡ ಸಲ ಅಷ್ಟ್ರೀ. ಒಮ್ಮೆ ದಾಂಡೇಲಿ. ಒಮ್ಮೆ ಬದಾಮಿ.”

“ಅಡಗಿ ಯಾರು ಮಾಡ್ತಿದ್ರು?”

“ಅವರ ಮಾಡ್ತಿದ್ರು.”

“ಅಂವಾ?”

“ಹೂಂರಿ. ನನಗ ಕಡ್ಲಿಹಿಟ್ಟಿನ ಝುಣಕ ಕಲಿಸಿದ್ದೂ ಅವರ.”

ಒಲೆಯ ಕಡೆ ತಿರುಗಿದರು.

“ಅದು ನನ್ನ ಕೈಯಾಗಿನ ಝುಣಕ” ಅಂದರು. “ಸಣ್ಣಾಂವ ಇದ್ದಾಗ ಒಲಿ ಮುಂದ ಬಂದ ಕೂಡ್ತಿದ್ದ.”

ಇಳಿಯುವಾಗ ಕೈ ಚಾಚಿದೆ. ಹಿಡಿಯಲಿಲ್ಲ. ಬಾಗಿಲು ಹಿಡಿದು ಇಳಿದರು. ನೆಲದ ಮೇಲೆ ನಿಂತು, ಬೇರೆ ಕಡೆ ನೋಡುತ್ತ ಕೇಳಿದರು:

“ಹೊಲದತನಕ ಹೋಗತೈತೇನು ಇದು?”

ನವಲಗುಂದದ ಆಚೆ ಅವರ ಹೊಲ. ವಿಶಾಲ ಅಲ್ಲಿದ್ದಾನೆ.

“ಒಂದ ಪೈಪ್ ಹಾಕಬೇಕ್ರಿ. ಹಾಕಿದ್ರ ಹೋಗ್ತದ.”

“ಹಾಕು.”

೧೦ ನವೆಂಬರ್

ದೀಪಾವಳಿ ಹೋಯಿತು. ಮಾಳಮಡ್ಡಿಯ ತವರುಮನೆಯಲ್ಲಿ ತಲೆಗೆ ಆಯಿಯ ಕೈ ಎಣ್ಣೆ, ನೀರು. ಎಲ್ಲರೂ ಮೆಲ್ಲಗೆ ಮಾತಾಡಿದರು.

ಪೈಪ್ ಮೊದಲು ದಪ್ಪದ್ದು ತಂದಿದ್ದೆ. ಇವತ್ತು ಸರಿಯಾದದ್ದು ಸಿಕ್ಕಿತು. ಹಾಕಿ ಕ್ಲಿಪ್ ಬಿಗಿದೆ. ಟೈರಿಗೆ ಗಾಳಿ. ನೀರಿನ ಟ್ಯಾಂಕ್ ತೊಳೆದೆ.

೧೭ ನವೆಂಬರ್, ರವಿವಾರ — ಹೊಲ, ಸಂಜೆ

ಗಾಡಿಯೊಳಗೆ ಕೂತು ಬರೆಯುತ್ತಿದ್ದೇನೆ. ಬಂದೆವು.

ಮುಂಜಾನೆ ಹೊರಟೆವು. ನಾನು ಓಡಿಸಿದೆ, ಮಾವ ಪಕ್ಕದಲ್ಲಿ, ಅತ್ತೆ ಹಿಂದೆ ಮಂಚದ ಮೇಲೆ ಕಿಟಕಿ ಹಿಡಿದು. ಲಾರಿಗಳೆಲ್ಲ ಹಾರ್ನ್ ಹೊಡೆದು ಮುಂದೆ ಹೋದವು. ಕುಸುಗಲ್ ದಾಟಿದ ಮೇಲೆ ಎಂಜಿನ್ ಒಂದೆರಡು ಸಲ ಬಿಕ್ಕಿತು. ರಸ್ತೆ ಪಕ್ಕ ತರುವಷ್ಟರಲ್ಲಿ ನಿಂತೇಬಿಟ್ಟಿತು. ಬಾನೆಟ್ ಎತ್ತಿ ನೋಡಿದರೆ ನಾನು ಬಿಗಿದ ಕ್ಲಿಪ್ಪೇ ಸಡಿಲ. ಮತ್ತೆ ಗಾಳಿ. ಎರಡೂ ಕಡೆ ಕಪ್ಪು ಹೊಲ, ಹತ್ತಿ ಒಡೆದಿತ್ತು. ನೆರಳಿಲ್ಲ.

ಕ್ಲಿಪ್ ಬಿಗಿ ಮಾಡಿದೆ. ಸ್ಕ್ರೂ ಹಿಡಿದು, ಪಂಪಿಗೆ ಮಾವನನ್ನು ಕರೆಯಬೇಕು ಅನ್ನುವಷ್ಟರಲ್ಲಿ ಅತ್ತೆ ಇಳಿದು ಬಂದರು.

“ಅವರ ಕೈ ಏಳೂದಿಲ್ಲ. ಏನ ಮಾಡಬೇಕ ಹೇಳು.”

“ಇದನ್ನ ಒತ್ತಬೇಕ್ರಿ. ಬರೇ ಡೀಸೆಲ್ ಬರೂತನಕ.”

ಸೆರಗು ಸೊಂಟಕ್ಕೆ ಸಿಕ್ಕಿಸಿ ಒತ್ತಿದರು. ಬಳೆಗೆ, ಸೀರೆಗೆ, ಎಲ್ಲ ಡೀಸೆಲ್. ಬಿಡಲಿಲ್ಲ. “ಗುಳ್ಳಿ ಬರಾಕತ್ತೈತಿ ಇನ್ನೂ” ಅನ್ನುತ್ತ ಒತ್ತಿದರು. ಸೆಲ್ಫ್ ಹೊಡೆದರೆ ಹತ್ತಿತು. ಮಾವ ನೀರಿನ ಬಾಟಲಿ ಹಿಡಿದು ಅವರ ಕೈಗೆ ನೀರು ಹಾಕಿದರು.

ಸಮಾಧಿ ಇನ್ನೂ ಮಣ್ಣಿನದೇ. ಮಳೆಗೆ ಒಂದು ಕಡೆ ಕುಸಿದಿದೆ. ಮೇಲೆಲ್ಲ ಹುಲ್ಲು. ಮಾವ ವಿಭೂತಿ ಹಚ್ಚಿ ಊದಿನಕಡ್ಡಿ ಊರಿದರು. ಆಮೇಲೆ ಬದುವಿನ ಕಡೆ ಹೋದರು, ನಮಗೆ ಬೆನ್ನು ಮಾಡಿ ನಿಂತರು. ಅತ್ತೆ ಕೂತು ಹುಲ್ಲು ಕೀಳತೊಡಗಿದರು. ನಾನು ದೂರದಲ್ಲಿ ನಿಂತಿದ್ದೆ.

“ಅಲ್ಲಿ ಯಾಕ ನಿಂತಿ? ಈ ಕಡೆದ್ದ ನೀ ಕೀಳು.”

ಹೋಗಿ ಕೂತೆ. ಇಬ್ಬರೂ ಕಿತ್ತೆವು. ಬೇರು ಆಳ ಹೋಗಿವೆ, ಮಣ್ಣು ಹಸಿ. ನನಗೆ ಇವತ್ತು ಆಗುತ್ತದೆ ಅಂದುಕೊಂಡಿದ್ದೆ. ಇಲ್ಲಿಗೆ ಬಂದರೆ ಆಗುತ್ತದೆ ಅಂತ. ಆಗಲಿಲ್ಲ. ಅವರಿಂದ ಮುಚ್ಚಿಡಬಾರದು ಅನಿಸಿತು.

“ಅತ್ತಿಯವರ, ನನಗ ಅಳು ಬರವಲ್ದ್ರಿ. ಅವತ್ತೂ ಬರಲಿಲ್ಲ. ಆಮ್ಯಾಲೂ ಬಂದಿಲ್ಲ.”

ಅವರ ಕೈ ನಿಲ್ಲಲಿಲ್ಲ.

“ನನಗೂ ಬರವಲ್ತು” ಅಂದರು. “ಮಂದಿ ಎಲ್ಲಾ ಅತ್ತರು. ನಾ ಅವರನ್ನ ನೋಡಕೋತ ಕುಂತಿದ್ದೆ. ಹೆತ್ತಾಕಿ ಹಿಂಗ ಕುಂತಾಳಲ್ಲ ಅಂದರು. ಮನ್ಯಾಗ ಯಾರ ಬಂದರೂ ನನ್ನ ಕಣ್ಣ ನೋಡ್ತಾರ.”

“ನಂದೂ ನೋಡ್ತಾರ್ರಿ.”

“ನೋಡ್ಲಿ.”

ಕಿತ್ತ ಹುಲ್ಲು ಗುಡ್ಡೆ ಮಾಡಿದೆವು. ಕುಸಿದ ಕಡೆ ಮಣ್ಣು ಏರಿಸಿ ಅಂಗೈಯಿಂದ ತಟ್ಟಿದೆವು. ಅವರು ಒಂದು ಕಡೆಯಿಂದ, ನಾನು ಒಂದು ಕಡೆಯಿಂದ. ಬಿಸಿಲು ಇಳಿಯಿತು. ವಾಪಸ್ ಹೊರಡೋಣವಾ ಅಂತ ಮಾವ ಕೇಳಿದರು. ಇವತ್ತು ಇಲ್ಲೇ ಇರೋಣ ಅಂದರು ಅತ್ತೆ. ನಾಳೆ ಕ್ಲಿನಿಕ್ ಇದೆ. ಬರುವುದಿಲ್ಲ ಅಂತ ಮೆಸೇಜ್ ಹಾಕಿದೆ.

ಮಾವ ಹೊರಗೆ ಬಾಜುದ ಹೊಲದವರ ಜೊತೆ ಮಾತಾಡುತ್ತಿದ್ದಾರೆ. ಅತ್ತೆ ಮಂಚದ ಮೇಲೆ ಅಡ್ಡಾಗಿದ್ದರು, ನಿದ್ದೆ ಹತ್ತಿರಬೇಕು ಅಂದುಕೊಂಡೆ. ಇಲ್ಲ. ಎದ್ದು ಕೂತಿದ್ದಾರೆ.

“ಏನ ಬರ್ಯಾಕತ್ತಿ?”

ಇವತ್ತಿನದು ಅಂದೆ.

“ಅದರಾಗ ಅಂವಂದ ಏನರ ಐತೇನು?”

ಇದೆ ಅಂದೆ. ನನ್ನ ಪಕ್ಕಕ್ಕೆ ಸರಿದಿದ್ದಾರೆ. ಅಕ್ಷರ ಅವರಿಗೆ ಅಷ್ಟು ಬರುವುದಿಲ್ಲ. ಪುಟದ ಮೇಲೆ ಬೆರಳಿಟ್ಟು, ಓದು ಅನ್ನುತ್ತಿದ್ದಾರೆ. ಎಲ್ಲಿಂದ ಓದಲಿ, ಮೊದಲಿಂದ ಓದಿದರೆ ಅವರ ಮನೆಯ ಹೊಸ್ತಿಲ ಮಾತೂ ಬರುತ್ತದೆ. ಬರಲಿ, ಮೊದಲಿಂದಲೇ ಓದುತ್ತೇನೆ.