ಖಾಲಿ ಕುರ್ಚಿಯ ಸನ್ನಿಧಿಗೆ

ಸೋಮವಾರ, ಬೆಳಿಗ್ಗೆ

ದಂತಸಾಮ್ರಾಜ್ಯದ ಏಕೈಕ ಅಧಿಪತಿಗಳೂ, ಗುಂಡಿ ಒತ್ತಿದರೆ ಏಳುವವರೂ ಮತ್ತೊಮ್ಮೆ ಒತ್ತಿದರೆ ಮಲಗುವವರೂ ಆದ, ಅಕ್ಕನ ಕ್ಲಿನಿಕ್ಕಿನ ಕುರ್ಚಿ ಮಹಾಪ್ರಭುಗಳ ಸನ್ನಿಧಿಗೆ — ಸಾಷ್ಟಾಂಗ ನಮಸ್ಕಾರ. ಇಂದೂ ತಮ್ಮ ಮೇಲೆ ಯಾರೂ ಕೂರಲಿಲ್ಲ. ಧೂಳು ಒರೆಸಿದ್ದು ನಾನೇ.

ಹೊಸ ಸ್ಕ್ಯಾನರ್ ಕೂಡ ಸುಮ್ಮನೆ ಕೂತಿದೆ. ಟಾರ್ಚಿನಂಥ ಕೋಲು. ಬಾಯೊಳಗೆ ಆಡಿಸಿದರೆ ಹಲ್ಲೆಲ್ಲ ಪರದೆ ಮೇಲೆ ತಿರುಗುತ್ತವೆ. ಹಲ್ಲಿನ ಅಚ್ಚು ತೆಗೆಯಲು ಬಾಯಿಗೆ ತುರುಕುವ, ವಾಕರಿಕೆ ತರಿಸುವ ಮುದ್ದೆ ಬೇಕಿಲ್ಲ. ಕಂಪನಿಯವರು ಟ್ರಯಲ್‌ಗೆ ಕೊಟ್ಟಿದ್ದು. ಶನಿವಾರದೊಳಗೆ ಒಂದಾದರೂ ಹುಳುಕು ಹಲ್ಲಿಗೆ ಬಳಸಿ ತೋರಿಸಬೇಕು, ಇಲ್ಲವಾದರೆ ವಾಪಸ್. ಅದು ಹೋದರೆ ಕ್ಲಿನಿಕ್ಕಿಗೂ ಬೀಗ, ಅನ್ನುತ್ತಾಳೆ ಅಕ್ಕ.

"ನೀನಾದ್ರೂ ಬಾಯಿ ತೆಗಿಯೋ, ಒಂದ್ಸಲ ನೋಡ್ತೀನಿ."

"ನನ್ನವೆಲ್ಲ ಮುತ್ತು ಕಣೇ. ಮುಟ್ಟಿದ್ರೆ ಮಾಸುತ್ತೆ."

ಅಕ್ಕ ನಗಲಿಲ್ಲ.

ಮಂಗಳವಾರ

ಮಹಾಯೋಜನೆ! ಖಾಲಿ ಅಂಗಡಿಗೆ ಯಾರು ಬರ್ತಾರೆ? ಗೆಳೆಯರನ್ನು ಕರೆತಂದು, ಕೆನ್ನೆಗೆ ಬಟ್ಟೆ ಕಟ್ಟಿ, ವೇಟಿಂಗ್ ರೂಮಲ್ಲಿ ಕೂರಿಸಿದೆ. ಡುಮ್ಮ "ಅಯ್ಯೋ ಸತ್ತೆ" ಅಂತ ಹೊರಳಾಡಿದ.

ಆಗ ಬಂದರು — ಎದುರಿನ ಟೈಲರ್ ತಾತ. ಕೆನ್ನೆ ನಿಜವಾಗಿಯೂ ಊದಿತ್ತು.

"ಅಬ್ಬಬ್ಬಾ, ಏನಪ್ಪಾ ರಶ್ಶು! ನನ್ನ ಸರದಿ ಬರೋಷ್ಟರಲ್ಲಿ ಹಲ್ಲೇ ಉದುರಿರುತ್ತೆ."

ಹೊರಟೇಬಿಟ್ಟರು. ಹಿಂದೆ ಓಡಿದೆ.

"ತಾತಾ, ಅವ್ರೆಲ್ಲ ಸುಳ್ಳು ಪೇಶೆಂಟ್ಸು!"

"ಹಾಗಾದ್ರೆ ಡಾಕ್ಟ್ರೂ ಸುಳ್ಳಾ?"

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಕೇಳಿಸಿಕೊಂಡಳು.

ಶುಕ್ರವಾರ

ಮೂರು ದಿನವಾಯಿತು, ಅಕ್ಕ ಮಾತಾಡಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಾತ ಬೇರೆಲ್ಲೋ ಹಲ್ಲು ಕೀಳಿಸಿಕೊಂಡರಂತೆ. ಇಂದು ಅಕ್ಕ ಮಾದರಿಗಿಟ್ಟ ಪ್ಲಾಸ್ಟರ್ ದವಡೆಯನ್ನೇ ಸ್ಕ್ಯಾನ್ ಮಾಡುತ್ತ ಕೂತಿದ್ದಳು.

"ನೋವಾಗ್ತಿದ್ಯಾ? ಆದ್ರೆ ಕೈ ಎತ್ತಿ..." ಅಂದಳು. ದವಡೆಗೆ. ಎಷ್ಟು ಮೆತ್ತಗೆ ಅಂದಳು!

ಅಮ್ಮ ಐಸ್ ಹಾಕಿದ ಜ್ಯೂಸ್ ತಂದಳು. ಬೇಡ ಅಂದೆ.

ಶನಿವಾರ, ಮಧ್ಯಾಹ್ನ

ಸ್ಕ್ಯಾನರ್ ಪೆಟ್ಟಿಗೆ ಸೇರಿದೆ. ಅಕ್ಕ ಟೇಪ್ ಹುಡುಕುತ್ತಿದ್ದಾಳೆ. ಬೀದಿಯೆಲ್ಲ ಅಲೆದು ಬಂದೆ, ಕೈಮುಗಿದೆ, ಒಬ್ಬರೂ ಬರಲಿಲ್ಲ. ಒಬ್ಬರೇ ಒಬ್ಬರು ಸಾಕಿತ್ತು.

ಮಹಾಪ್ರಭುಗಳೇ, ತಮ್ಮಲ್ಲೊಂದು ಅರಿಕೆ. ಬೇರೆ ಯಾರಿಗೂ ಹೇಳಿಲ್ಲ. ನನ್ನ ಬಲಗಡೆಯ ದವಡೆಹಲ್ಲಲ್ಲಿ ಹುಳುಕು. ನಾಲಿಗೆಯ ತುದಿ ಇಳಿಯುವಷ್ಟು ತೂತು. ಎಡಗಡೆಯಲ್ಲೇ ಅಗಿಯುತ್ತಿದ್ದೇನೆ, ಎಷ್ಟೋ ದಿನದಿಂದ. ತಮ್ಮ ಮೇಲೆ ಕೂರಲು ಭಯ, ಅಷ್ಟೇ...

ಕಂಪನಿಯವನು ಸ್ಕ್ಯಾನರ್ ಒಯ್ಯಲು ಬಂದ. ಬೆಲ್. ಅಕ್ಕಾ ಅಂತ ಕೂಗಬೇಕು, ಈಗಲೇ, ಬಾಯಿ ತೆಗೆದರೆ ಸಾಕು —